ಜೀಬ್ರಾ, ಬೆಂಗಲೀಸ್, ಗೋಲ್ಡಿಯನ್: ಮೂರೂ ಒಂದೇ ಪಂಜರದಲ್ಲಿ ಇರಬಹುದಾ?

ಪ್ರಶ್ನೆ: ನಾವು ಡೊಂಬಿವಲಿಯಲ್ಲಿದ್ದೇವೆ. ಬಾಲ್ಕನಿಯಲ್ಲಿ ಎರಡಡಿ ಉದ್ದದ ಪಂಜರ, ಅದರಲ್ಲಿ ಕಾಳು ತಿನ್ನುವ ಪುಟ್ಟ ಹಕ್ಕಿ ಜೀಬ್ರಾ ಫಿಂಚ್ ಒಂದು ಜೋಡಿ. ಮಗಳಿಗೆ ಈಗ ಬಣ್ಣದ ಗೋಲ್ಡಿಯನ್ ಬೇಕಂತೆ. ಅಂಗಡಿಯವರು “ಎಲ್ಲಾ ಫಿಂಚೇ ತಾನೆ, ಒಟ್ಟಿಗೇ ಬಿಡಿ, ಜೊತೆಗೆ ಎರಡು ಬೆಂಗಲೀಸ್ ಹಾಕಿ” ಅಂತಾರೆ. ಹಾಗೆ ಬಿಟ್ಟರೆ ಜಗಳ ಆಡುವುದಿಲ್ಲವಾ?

ಉತ್ತರ: ಎರಡಡಿ ಪಂಜರದಲ್ಲಿ ಬೇಡವೇ ಬೇಡ. ನಾಲ್ಕಡಿಯದು ತರುತ್ತೀರಿ, ಒಳಗೆ ಒಂದೂ ಮಟ್ಕಿ (ಹಕ್ಕಿ ಗೂಡು ಮಾಡಿಕೊಳ್ಳುವ ಪುಟ್ಟ ಮಡಕೆ) ಇಡುವುದಿಲ್ಲ ಅಂದರೆ ಮೂರೂ ಜಾತಿಯ ಒಂದೊಂದು ಜೋಡಿ ಸಾಮಾನ್ಯವಾಗಿ ಹೊಂದಿಕೊಂಡು ಹೋಗುತ್ತವೆ. ಯಾವ ಜಾತಿಗೆ ಯಾವ ಜಾತಿ ಆಗಿಬರುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ನಾನು ಮೊದಲು ಕೇಳುವುದು ಪಂಜರದಲ್ಲಿ ಮಟ್ಕಿ ಇದೆಯಾ ಅಂತ. ಫಿಂಚ್‌ಗಳು ಕಾಳಿಗಾಗಿ ಕಚ್ಚಾಡುವುದು ಕಡಿಮೆ, ಗೂಡಿಗಾಗಿ ಜಾಸ್ತಿ.

ನಿಮ್ಮ ಜೀಬ್ರಾಗಳನ್ನೇ ನೋಡಿ. ಇವುಗಳ ತವರು ಆಸ್ಟ್ರೇಲಿಯಾದ ಒಣ ಒಳನಾಡು. ಅಲ್ಲಿ ಮಳೆ ಯಾವಾಗ ಬರುತ್ತದೆ ಅಂತ ಹೇಳುವಂತಿಲ್ಲ. ಮಳೆ ಬಿದ್ದು ಹುಲ್ಲು ತೆನೆ ಕಟ್ಟಿತೋ, ತಕ್ಷಣ ಗೂಡು ಕಟ್ಟಿ ಮೊಟ್ಟೆ ಇಡಬೇಕು. ನಮ್ಮ ಬಾಲ್ಕನಿಯಲ್ಲಿ ವರ್ಷವಿಡೀ ಬಟ್ಟಲು ತುಂಬಾ ನವಣೆ, ಪಕ್ಕದಲ್ಲೇ ನೀರು. ಅಂದರೆ ಆ ಹಕ್ಕಿಯ ಲೆಕ್ಕದಲ್ಲಿ ವರ್ಷವಿಡೀ ಒಳ್ಳೆ ಕಾಲ. ಮಟ್ಕಿ ಕಂಡರೆ ಸಾಕು, ಕಿತ್ತಳೆ ಕೆನ್ನೆಯ ಗಂಡು ಅದರ ಬಾಯಲ್ಲಿ ಕೂತು, ಮಕ್ಕಳ ಆಟದ ತುತ್ತೂರಿಯ ಹಾಗೆ ಕೂಗುತ್ತಾ ಕಾವಲು ಶುರು ಮಾಡುತ್ತದೆ. ಎರಡು ಮಟ್ಕಿ ಇಟ್ಟರೆ ಎರಡೂ ತನ್ನದೇ. ಪಕ್ಕದ ಜೋಡಿ ಒಂದೊಂದೇ ನಾರು ತಂದು ಒಳಗೆ ಹಾಸುತ್ತಿದ್ದರೆ, ಇದು ಹಿಂದಿನಿಂದ ಹೋಗಿ ಅದೇ ನಾರನ್ನು ಎಳೆದುಕೊಂಡು ಬಂದು ತನ್ನ ಮಟ್ಕಿಗೆ ತುರುಕುತ್ತದೆ. ಕೆಲವೊಮ್ಮೆ ಅಲ್ಲಿ ಮೊಟ್ಟೆ ಇದ್ದರೂ ಬಿಡುವುದಿಲ್ಲ, ಅದರ ಮೇಲೇ ಹೊಸದಾಗಿ ಹುಲ್ಲು ಹಾಸಿಬಿಡುತ್ತದೆ.

ಮಟ್ಕಿ ತೆಗೆದಿಟ್ಟರೆ ಇದೇ ಹಕ್ಕಿ ಬಹಳ ಮಟ್ಟಿಗೆ ಸಾಧು. ಜೊತೆಗೆ ತೆಂಗಿನ ನಾರು, ಒಣಹುಲ್ಲನ್ನೂ ತೆಗೆಯಿರಿ. ಬೇಯಿಸಿದ ಮೊಟ್ಟೆ ಕೊಡುತ್ತಿದ್ದರೆ ಕಡಿಮೆ ಮಾಡಿ, ಅದು ಮರಿ ಮಾಡುವ ಹುರುಪು ಹೆಚ್ಚಿಸುತ್ತದೆ. ಮಟ್ಕಿ ಇಲ್ಲದಿದ್ದರೆ ಕಾಳಿನ ಬಟ್ಟಲಲ್ಲೇ ಮೊಟ್ಟೆ ಇಡುವ ಹೆಣ್ಣುಗಳೂ ಉಂಟು. ಕೂತು ಕಾವು ಕೊಡಲು ಜಾಗ ಸಿಗದಷ್ಟು ಸಣ್ಣ ಬಟ್ಟಲು ಬಳಸಿ. ಮೊಟ್ಟೆ ಇಟ್ಟೇ ಇಟ್ಟು ಹೆಣ್ಣಿನ ಮೈಯ ಕ್ಯಾಲ್ಸಿಯಂ ಇಳಿದುಹೋಗುತ್ತದೆ, ಆದ್ದರಿಂದ ಕಟಲ್ ಬೋನ್ (ಕಟಲ್ ಫಿಶ್ ಎಂಬ ಸಮುದ್ರಜೀವಿಯ ಸುಣ್ಣದಂಥ ಒಳಚಿಪ್ಪು) ಮಾತ್ರ ಯಾವಾಗಲೂ ಪಂಜರದಲ್ಲಿ ನೇತಾಡುತ್ತಿರಲಿ.

ಬೆಂಗಲೀಸ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಇದರಷ್ಟು ಒಳ್ಳೆಯ ಹಕ್ಕಿ ಇನ್ನೊಂದಿಲ್ಲ. ನಮ್ಮ ಪಶ್ಚಿಮ ಘಟ್ಟದಲ್ಲೂ ಕಾಣುವ ಬಿಳಿ ಬೆನ್ನಿನ ಮುನಿಯಾದ ಜಾತಿಯನ್ನೇ ಜಪಾನಿನಲ್ಲಿ ತಲೆಮಾರುಗಟ್ಟಲೆ ಸಾಕಿ ಪಳಗಿಸಿದ್ದು. ಕಾಡಿನಲ್ಲಿ ಬೆಂಗಲೀಸ್ ಅಂತ ಹಕ್ಕಿಯೇ ಇಲ್ಲ. ಹೊಡೆದಾಟ ಗೊತ್ತಿಲ್ಲ, ಬೇರೆ ಜಾತಿಯ ಮೊಟ್ಟೆ ಇಟ್ಟರೂ ಕಾವು ಕೊಟ್ಟು ಮರಿ ಸಾಕುತ್ತದೆ. ಗೋಲ್ಡಿಯನ್ ಮರಿ ಮಾಡಿಸುವವರು ಎಷ್ಟೋ ಜನ ಇವನ್ನು ದಾದಿಯಾಗಿ ಇಟ್ಟುಕೊಳ್ಳುವುದು ಅದಕ್ಕೇ. ಗಂಡು ಯಾವುದು, ಹೆಣ್ಣು ಯಾವುದು ನೋಡಿ ಹೇಳಲಾಗದು. ಹಾಡಿದರೆ ಗಂಡು.

ತಲೆನೋವು ಗೋಲ್ಡಿಯನ್‌ನದು. ಮೈಗಾತ್ರದಲ್ಲಿ ಜೀಬ್ರಾಗಿಂತ ದೊಡ್ಡದು, ಆದರೂ ಜೀಬ್ರಾ ಹತ್ತಿರ ಬಂದರೆ ಸಾಮಾನ್ಯವಾಗಿ ಅದೇ ಜಾಗ ಬಿಟ್ಟು ಸರಿಯುತ್ತದೆ. ಇನ್ನೊಂದು ವಿಷಯ ಅಂಗಡಿಯವರು ಹೇಳುವುದಿಲ್ಲ. ಜೀಬ್ರಾ, ಬೆಂಗಲೀಸ್ ಎರಡಕ್ಕೂ ಮೈಗೆ ಮೈ ತಾಗಿಸಿ ಸಾಲಾಗಿ ಕೂರುವುದು ಇಷ್ಟ. ಗೋಲ್ಡಿಯನ್‌ಗೆ ಅದು ಆಗುವುದಿಲ್ಲ, ತನ್ನ ಜೋಡಿಯಿಂದಲೂ ತುಸು ದೂರ ಬಿಟ್ಟು ಕೂರುತ್ತದೆ. ಸಂಜೆ ಹೊತ್ತು ನೋಡಿ: ಬೆಂಗಲೀಸ್ ಪ್ರೀತಿಯಿಂದಲೇ ಪಕ್ಕಕ್ಕೆ ಜರುಗುತ್ತದೆ, ಗೋಲ್ಡಿಯನ್ ಒಂದು ಹೆಜ್ಜೆ ಸರಿಯುತ್ತದೆ, ಇದು ಮತ್ತೆ ಜರುಗುತ್ತದೆ, ಕೊನೆಗೆ ಗೋಲ್ಡಿಯನ್ ಬೇರೆ ಕೋಲಿಗೆ ಹಾರುತ್ತದೆ. ಕೋಲು ಸಾಕಷ್ಟಿದ್ದರೆ ಇದು ತಮಾಷೆ. ಎರಡೇ ಕೋಲಿದ್ದರೆ ಆ ಹಕ್ಕಿಗೆ ದಿನವಿಡೀ ನೆಮ್ಮದಿ ಇಲ್ಲ.

ಆದ್ದರಿಂದ ಪಂಜರ. ಎತ್ತರ ನೋಡಿ ಮರುಳಾಗಬೇಡಿ, ಫಿಂಚ್ ಹಾರುವುದು ಅಡ್ಡಕ್ಕೆ. ಉದ್ದ ಬೇಕು. ಸರಳುಗಳ ನಡುವೆ ಅರ್ಧ ಇಂಚಿಗಿಂತ ಹೆಚ್ಚು ಸಂದು ಬೇಡ. ಮೇಲಿನ ಕೋಲುಗಳೆಲ್ಲಾ ಒಂದೇ ಎತ್ತರದಲ್ಲಿರಲಿ, ಎತ್ತರದ ಜಾಗಕ್ಕೇ ಎಲ್ಲರಿಗೂ ಪೈಪೋಟಿ. ಕಾಳು, ನೀರು ಎರಡೆರಡು ಕಡೆ, ಎರಡು ತುದಿಯಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮುಂಬೈ ಬಾಲ್ಕನಿಗಳಿಗೆ ಎರಚಲು ಹೊಡೆಯುತ್ತದೆ, ಪಂಜರ ಒಳಗೆ ಬರಲಿ. ಹಾಗಂತ ಅಡುಗೆಮನೆಗಲ್ಲ. ನಾನ್‌ಸ್ಟಿಕ್ ತವಾ ಅತಿಯಾಗಿ ಕಾದರೆ ಬರುವ ಹೊಗೆ ಹಕ್ಕಿಗಳ ಪ್ರಾಣ ತೆಗೆಯುತ್ತದೆ. ಮಳೆಗಾಲದಲ್ಲಿ ನವಣೆ, ಸಾಮೆ ಬೇಗ ಮುಗ್ಗುತ್ತವೆ, ಸ್ವಲ್ಪ ಸ್ವಲ್ಪವೇ ತನ್ನಿ. ಪುಣೆಯ ಓದುಗರಿಗೆ ಒಂದು ಮಾತು: ಡಿಸೆಂಬರ್, ಜನವರಿ ರಾತ್ರಿಗಳಲ್ಲಿ ಗೋಲ್ಡಿಯನ್ ಹೊರಗೆ ಬೇಡ, ಅದಕ್ಕೆ ಚಳಿ ಆಗದು.

ನಿಮ್ಮ ಹಳೆ ಪಂಜರ ಕೊಟ್ಟುಬಿಡಬೇಡಿ. ಹೊಸ ಹಕ್ಕಿಗಳು ಒಂದು ತಿಂಗಳು ಬೇರೆ ಕೋಣೆಯಲ್ಲಿ, ಬೇರೆ ಪಂಜರದಲ್ಲಿ ಇರಬೇಕು, ಅಷ್ಟು ದಿನ ಜೀಬ್ರಾಗಳಿಗೆ ಹಳೆಯದೇ ಬೇಕು. ಗೋಲ್ಡಿಯನ್‌ಗಳಲ್ಲಿ ಉಸಿರುನಾಳಕ್ಕೆ ಸೇರುವ ಒಂದು ಬಗೆಯ ನುಸಿ ಸಾಮಾನ್ಯ. ರಾತ್ರಿ ಎಲ್ಲಾ ನಿಶ್ಶಬ್ದವಾದಾಗ ಪಂಜರದ ಹತ್ತಿರ ಕಿವಿ ಇಡಿ. ಉಸಿರಿನ ಜೊತೆ ಟಿಕ್ ಟಿಕ್ ಅಂತ ಕೇಳಿದರೆ, ಅಥವಾ ಬಾಯಿ ತೆರೆದು ಬಾಲ ಕುಣಿಸುತ್ತಾ ಉಸಿರಾಡುತ್ತಿದ್ದರೆ, ಹಕ್ಕಿ ನೋಡಿ ಗೊತ್ತಿರುವ ಡಾಕ್ಟರ ಹತ್ತಿರ ಹೋಗಿ. ಔಷಧಿಯಿಂದ ಗುಣವಾಗುತ್ತದೆ, ಆದರೆ ಹನಿ ಅಳತೆ ನಾವೇ ಅಂದಾಜು ಮಾಡುವಂಥದ್ದಲ್ಲ.

ತಿಂಗಳಾದ ಮೇಲೆ ಹೊಸ ಪಂಜರಕ್ಕೆ ಮೊದಲು ಗೋಲ್ಡಿಯನ್ ಬಿಡಿ. ಕೆಲವು ದಿನ ಕಳೆದು ಬೆಂಗಲೀಸ್. ಜೀಬ್ರಾ ಕೊನೆಗೆ. ಉಲ್ಟಾ ಮಾಡಿದರೆ ಜೀಬ್ರಾ ಮನೆಯ ಯಜಮಾನ, ಉಳಿದವರೆಲ್ಲಾ ಬಾಡಿಗೆದಾರರು.

ಮಾರ್ಕೆಟ್ಟಿಗೆ ಹೋದಾಗ ಇನ್ನಷ್ಟು ಹಕ್ಕಿ ಕಣ್ಣಿಗೆ ಬೀಳುತ್ತವೆ. ಜಾವಾ ಗುಬ್ಬಿಯ ಕೊಕ್ಕು ಇವುಗಳ ಕಾಲು ಮುರಿಯುವಷ್ಟು ಗಟ್ಟಿ, ಜೊತೆಗೆ ಬೇಡ. ಸಾಲದ್ದಕ್ಕೆ ಅದು ಸೈಟಿಸ್ (ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯ ಹಕ್ಕಿ, 2024ರ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ಕುತ್ತಿಗೆಗೆ ಕೆಂಪು ಪಟ್ಟಿ ಇರುವ ಕಟ್ ಥ್ರೋಟ್ ಬೇರೆಯವರ ಗೂಡಿಗೆ ನುಗ್ಗುವ ಜಾತಿ. ಎಲ್ಲರೂ ಲವ್ ಬರ್ಡ್ಸ್ ಅಂತ ಕರೆಯುವ ಬಜರಿಗರ್‌ಗಳು ಫಿಂಚ್ ಅಲ್ಲವೇ ಅಲ್ಲ, ಗಿಣಿಗಳು. ಫಿಂಚ್‌ಗಳ ಕಾಲು ಕಚ್ಚುತ್ತವೆ.

ಯಾರಾದರೂ ಕೆಂಪು ಮುನಿಯಾ, ಕಪ್ಪು ತಲೆಯ ಮುನಿಯಾ ತಂದು ತೋರಿಸಿದರೆ ಮುಟ್ಟಬೇಡಿ. ನಮ್ಮ ಕಾಡಿನ ಮುನಿಯಾಗಳನ್ನು, ಕನ್ನಡದಲ್ಲಿ ರಾಟವಾಳ ಅನ್ನುತ್ತೇವಲ್ಲ, ಹಿಡಿಯುವುದೂ ಮಾರುವುದೂ ಸಾಕುವುದೂ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಹಸಿರು, ಗುಲಾಬಿ ಬಣ್ಣ ಹಚ್ಚಿ ವಿದೇಶಿ ಹಕ್ಕಿ ಅಂತ ಮಾರುವವರೂ ಇದ್ದಾರೆ. ಸ್ನಾನದ ನೀರಿಗೆ ಬಣ್ಣ ಬಿಟ್ಟರೆ ಸಂಶಯವೇ ಬೇಡ.

ಎಲ್ಲಾ ಸರಿ ಮಾಡಿದ ಮೇಲೂ ಜಗಳ ಆಗಬಹುದು. ತಲೆ ಹಿಂದೆ, ಬೆನ್ನ ಮೇಲೆ ಪುಕ್ಕ ಕಿತ್ತಿದೆಯಾ ನೋಡಿ. ಉಳಿದವರು ತಿಂದು ಹೋಗುವವರೆಗೆ ಕಾಯುವ ಹಕ್ಕಿ ಇದೆಯಾ, ಪಂಜರದ ನೆಲದ ಮೇಲೆ ಕೂತಿರುವುದು ಇದೆಯಾ ನೋಡಿ. ಇದ್ದರೆ ಏಟು ತಿಂದದ್ದನ್ನು ಹೊರಗೆ ತೆಗೆಯಬೇಡಿ, ಏಟು ಕೊಟ್ಟದ್ದನ್ನು ತೆಗೆಯಿರಿ. ಒಂದೆರಡು ವಾರ ಹಳೆ ಪಂಜರದಲ್ಲಿರಲಿ. ಅಷ್ಟರಲ್ಲಿ ಇಲ್ಲಿನ ಕೋಲು, ಬಟ್ಟಲು ಎಲ್ಲಾ ಜಾಗ ಬದಲಿಸಿ. ವಾಪಸ್ ಬಂದಾಗ ಅದಕ್ಕೆ ಇದು ಗುರುತಿಲ್ಲದ ಮನೆ, ಅಲ್ಲಿ ಅದೇ ಹೊಸಬ. ಆಮೇಲೂ ಹೊಡೆದರೆ ಆ ಜೋಡಿಗೆ ಶಾಶ್ವತವಾಗಿ ಹಳೆ ಪಂಜರವೇ ಗತಿ. ಮರಿ ಬೇಕಾದರೆ ಮಟ್ಕಿಯನ್ನೂ ಅಲ್ಲೇ ಇಟ್ಟುಕೊಡಿ.