ಸಾಕು ಬೇರೆ, ಬೇಕು ಬೇರೆ

ಶಿವಮೊಗ್ಗದಲ್ಲಿ ಅಕ್ಕನ ಮಗಳು ಎಫ್‌ಡಿಎ ಪರೀಕ್ಷೆಗೆ ಓದುತ್ತಿದ್ದಾಳೆ. ಮೊನ್ನೆ ಮೆಂಟಲ್ ಎಬಿಲಿಟಿ ಪುಸ್ತಕ ತಂದು, "ಮಾವ, ಈ ‘ಇದ್ದರೆ’, ‘ಇದ್ದರೆ ಮಾತ್ರ’, ‘ಹೊರತು’ ಎಲ್ಲ ಒಂದೇ ಅಲ್ವಾ?" ಎಂದಳು.

ಅಲ್ಲ ಮಾರಾಯ್ತಿ. ಲಿಂಗನಮಕ್ಕಿ ಗೇಟ್ ತೆಗೆದರೆ ಜೋಗ ತುಂಬಿ ಹರಿಯುತ್ತದೆ. ಸರಿ. ಹಾಗಂತ ಜೋಗ ತುಂಬಿದ್ದು ನೋಡಿ ಗೇಟ್ ತೆಗೆದಿದ್ದಾರೆ ಅನ್ನೋಕಾಗಲ್ಲ. ಅಣೆಕಟ್ಟಿನ ಕೆಳಗಿನ ಕಾಡಿನಲ್ಲಿ ಜೋರು ಮಳೆ ಹೊಡೆದರೂ ಜೋಗ ಮೈದುಂಬುತ್ತದೆ. ಗೇಟ್ ತೆಗೆದರೆ ಸಾಕು, ತೆಗೆಯಲೇಬೇಕು ಅಂತಿಲ್ಲ.

‘ಮಾತ್ರ’ ಸೇರಿದರೆ ಕಥೆ ತಿರುಗುತ್ತದೆ. ‘ಡಿಗ್ರಿ ಇದ್ದರೆ ಮಾತ್ರ ಈ ಕೆಲಸ.’ ಇಲ್ಲಿ ಡಿಗ್ರಿ ಬೇಕು, ಆದರೆ ಸಾಲದು. ಸಾಕಾಗಿದ್ದರೆ ಇವಳು ರಾತ್ರಿ ಹನ್ನೊಂದರವರೆಗೆ ಯಾಕೆ ಓದಬೇಕಿತ್ತು?

‘ಹೊರತು’ ಕೂಡ ಬೇಕು ಗುಂಪಿನದೇ. ‘ಮಳೆ ಬಾರದ ಹೊರತು ನಾಟಿ ಇಲ್ಲ’ ಅಂದರೂ ‘ಬಂದ ಹೊರತು ನಾಟಿ ಇಲ್ಲ’ ಅಂದರೂ ನಮಗೆ ಅರ್ಥ ಒಂದೇ. ಮಜಾ ಅಲ್ವಾ?

ನ್ಯಾಯಶಾಸ್ತ್ರದವರು, ಅಂದರೆ ನಮ್ಮ ಹಳೆಯ ತರ್ಕಶಾಸ್ತ್ರದವರು, ಇದನ್ನು ಎಂದೋ ಅರೆದು ಕುಡಿದಿದ್ದರು. ಬೆಟ್ಟದಲ್ಲಿ ಹೊಗೆ ಇದ್ದರೆ ಬೆಂಕಿ ಇದೆ. ಬೆಂಕಿ ಇದ್ದಲ್ಲೆಲ್ಲ ಹೊಗೆ ಇರಬೇಕೆಂದಿಲ್ಲ. ಅದಕ್ಕೆ ಅವರು ತೋರಿಸಿದ್ದು ಕಾದ ಕಬ್ಬಿಣದ ಗುಂಡು. (ಆಗುಂಬೆಯ ಬೆಳಗಿನ ಮಂಜನ್ನು ಹೊಗೆ ಅಂದುಕೊಂಡರೆ ಅದು ತರ್ಕದ ತಪ್ಪಲ್ಲ, ಕಣ್ಣಿನದು.)

ನನಗೆ ಜಾಸ್ತಿ ಇಷ್ಟವಾದದ್ದು ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ಪೀಟರ್ ವೇಸನ್ 1966ರಲ್ಲಿ ಬರೆದ ಒಗಟು. ನಾಲ್ಕು ಕಾರ್ಡು. ಪ್ರತಿಯೊಂದರ ಒಂದು ಕಡೆ ಅಕ್ಷರ, ಇನ್ನೊಂದು ಕಡೆ ಅಂಕಿ. ‘ಒಂದು ಕಡೆ ಸ್ವರ ಇದ್ದರೆ ಇನ್ನೊಂದು ಕಡೆ ಸಮಸಂಖ್ಯೆ’ ಎಂಬುದು ನಿಯಮ. ನಮ್ಮ ಅಕ್ಷರದಲ್ಲಿ ಹೇಳುವುದಾದರೆ, ಮೇಜಿನ ಮೇಲೆ ಕಾಣುತ್ತಿರುವುದು ಅ, ಕ, 4, 7. ನಿಯಮ ಪರೀಕ್ಷಿಸಲು ಯಾವುದನ್ನು ತಿರುಗಿಸಬೇಕು?

ಹೆಚ್ಚಿನವರು ಅ ಮತ್ತು 4 ಅನ್ನುತ್ತಾರೆ. ಇವಳೂ ಅಂದಳು. ಆದರೆ 4ರ ಹಿಂದೆ ಕ ಇದ್ದರೂ ನಿಯಮಕ್ಕೆ ಏಟಿಲ್ಲ. 7ರ ಹಿಂದೆ ಅ ಸಿಕ್ಕರೆ ನಿಯಮ ಬಿತ್ತು. ಹಾಗಾಗಿ ಅ ಮತ್ತು 7.

ಮಳೆ ತಡವಾದ ವರ್ಷ ಕಪ್ಪೆಗಳಿಗೆ ಮದುವೆ ಮಾಡಿಸುತ್ತಾರಲ್ಲ? ಆಮೇಲೆ ಮಳೆ ಬಂದರೆ, "ನೋಡಿ, ಬಂತಲ್ಲ!" ಅನ್ನುತ್ತಾರೆ. ಅದು 4ರ ಕಾರ್ಡು. ಹನಿ ಬೀಳದ ಊರು 7ರ ಕಾರ್ಡು. ಅಲ್ಲಿಗೆ ಹೋಗಿ "ನೀವೂ ಕಪ್ಪೆ ಮದುವೆ ಮಾಡಿಸಿದ್ರಾ?" ಎಂದು ಕೇಳಿದವರನ್ನು ನಾನಂತೂ ನೋಡಿಲ್ಲ.