ಹಳೆಯ ಟ್ರೀ ಸ್ಟ್ಯಾಂಡಿಗೆ ಬಣ್ಣ ಬಳಿದರೆ ಸಾಕೇ?

ಪ್ರಶ್ನೆ: ಮಿಷಿಗನ್‌ನಲ್ಲಿದ್ದೇನೆ. ಈ ಸಲ ಜಿಂಕೆ ಬೇಟೆಗೆ ಲೈಸೆನ್ಸ್ ಪಡೆಯುವವನಿದ್ದೇನೆ. ಗ್ಯಾರೇಜ್ ಸೇಲ್‌ನಲ್ಲಿ ಹಳೆಯ ಟ್ರೀ ಸ್ಟ್ಯಾಂಡ್ (ಮರಕ್ಕೆ ಕಟ್ಟಿ, ಮೇಲೆ ಕೂತು ಬೇಟೆಗೆ ಕಾಯುವ ಅಟ್ಟಣೆ) ಅಗ್ಗಕ್ಕೆ ಸಿಕ್ಕಿತು. ಅಲ್ಲಲ್ಲಿ ತುಕ್ಕು ಇದೆ, ಮರಕ್ಕೆ ಬಿಗಿಯುವ ಪಟ್ಟಿಗಳು ಗಟ್ಟಿಯಾಗಿವೆ. ಮರದ ಬುಡದಲ್ಲೇ ಕಟ್ಟಿ, ನಾನೂ ಗೆಳೆಯನೂ ಹತ್ತಿ ನಿಂತು ಕುಣಿದು ನೋಡಿದೆವು, ಮಿಸುಕಲಿಲ್ಲ. ಬಣ್ಣ ಬಳಿದು ಮೇಲಕ್ಕೆ ಕಟ್ಟಬಹುದೇ?

ಉತ್ತರ: ಬೇಸಿಗೆ ಮುಗಿಯುವ ಹೊತ್ತಿಗೆ ಪ್ರತಿ ವರ್ಷವೂ ಈ ಪ್ರಶ್ನೆ ಬರುತ್ತದೆ. ಊರು ಬೇರೆ, ಸ್ಟ್ಯಾಂಡ್ ಬೇರೆ. ಕುಣಿತ ಮಾತ್ರ ಎಲ್ಲರದೂ ಒಂದೇ. ಬಣ್ಣದ ಮಾತು ಆಮೇಲೆ. ಮೊದಲು ಈ ಕುಣಿತದ ಲೆಕ್ಕ ಚುಕ್ತಾ ಮಾಡೋಣ.

ಕುಣಿದು ನೋಡಿದಾಗ ತಿಳಿಯುವುದು ಇಷ್ಟೇ: ಆ ಗಳಿಗೆಯಲ್ಲಿ ಅದು ಮುರಿಯಲಿಲ್ಲ. ಪಟ್ಟಿಯ ನೂಲು ಪಾಲಿಪ್ರೊಪಿಲೀನ್, ಪಾಲಿಯೆಸ್ಟರ್ ಇಲ್ಲವೇ ನೈಲಾನ್‌ನದು. ಬಿಸಿಲಿನ ಅತಿನೇರಳೆ ಕಿರಣಗಳು ಅದನ್ನು ಸದ್ದಿಲ್ಲದೆ ಸವೆಸುತ್ತವೆ; ಪಾಲಿಪ್ರೊಪಿಲೀನ್ ಎಲ್ಲಕ್ಕಿಂತ ಬೇಗ ಸೋಲುತ್ತದೆ. ಹೊಸ ಪಟ್ಟಿಯ ತಾಳಿಕೆ ನಮ್ಮ ತೂಕದ ಹಲವು ಪಟ್ಟು ಇರುವುದರಿಂದ, ಅರ್ಧ ಬಲ ಕಳೆದುಕೊಂಡರೂ ಅದು ನಿಮ್ಮಿಬ್ಬರನ್ನೂ ಆರಾಮಾಗಿ ಹೊರುತ್ತದೆ. ಹೊತ್ತಿತು ಎಂದ ಮಾತ್ರಕ್ಕೆ ಇನ್ನೆಷ್ಟು ಉಳಿದಿದೆ ಎಂದು ಹೇಗೆ ಗೊತ್ತಾಗಬೇಕು? ಕಾಡಿನಲ್ಲಿ ಅದರ ಮೇಲೆ ಬೀಳುವುದು ನಿಮ್ಮ ಭಾರವೊಂದೇ ಅಲ್ಲ. ಗಾಳಿಗೆ ಮರ ತೂಗುತ್ತದೆ, ಬಿಚ್ಚದೆ ಬಿಟ್ಟರೆ ಕಾಂಡ ದಪ್ಪವಾಗುತ್ತಾ ಪಟ್ಟಿಯನ್ನು ಬಿಗಿಯುತ್ತದೆ, ಅಳಿಲು ಬಂದು ಕಡಿಯುತ್ತದೆ.

ಇನ್ನೊಂದು ಸಂಗತಿ. ಇಂಥ ಸ್ಟ್ಯಾಂಡ್‌ಗಳಿಗೆ ಸಾಮಾನ್ಯವಾಗಿ ನಿಗದಿಯಾದ ಮಿತಿ 300 ಪೌಂಡ್, ಅಂದರೆ ಸುಮಾರು 136 ಕಿಲೋ. ಬೂಟು, ಜಾಕೆಟ್, ಬಂದೂಕು, ಚೀಲ ಎಲ್ಲವೂ ಇದರೊಳಗೇ ಸೇರಬೇಕು. ಇಬ್ಬರು ವಯಸ್ಕರು ಅದರ ಮೇಲೆ ಕುಣಿದರೆ ಮಿತಿ ಮೀರಿದಂತೆಯೇ. ಬೆಸುಗೆಯಲ್ಲಿದ್ದ ಕೂದಲೆಳೆಯ ಬಿರುಕು ನಿಮ್ಮ ಪರೀಕ್ಷೆಯಿಂದಲೇ ಇನ್ನಷ್ಟು ಬಾಯಿ ಬಿಟ್ಟಿರಬಹುದು. ತಯಾರಕರೇ ನೆಲಮಟ್ಟದಲ್ಲಿ ಕಟ್ಟಿ ನೋಡಿ ಎನ್ನುತ್ತಾರಲ್ಲ ಎಂದು ವಾದಿಸುವವರಿದ್ದಾರೆ. ಹೌದು, ಎನ್ನುತ್ತಾರೆ: ಎಲ್ಲವನ್ನೂ ಪರೀಕ್ಷಿಸಿ, ಹಳೆಯದನ್ನು ಬದಲಿಸಿ, ಬಿದ್ದರೆ ತಡೆದು ಹಿಡಿಯುವ ಹಾರ್ನೆಸ್ ತೊಟ್ಟ ಮೇಲೆ, ಒಬ್ಬರೇ. ಕಟ್ಟುವ ಕ್ರಮ ಕೈಗೆ ಬರಲೆಂದು ಆ ಮಾತು.

ನಂಬಿಕೆ ಬರದಿದ್ದರೆ, ಬಿಗಿ ಮಾಡುವ ಸಾಧನವಾದ ರ್‍ಯಾಚೆಟ್‌ನೊಳಗೆ ಸುತ್ತಿಕೊಂಡಿರುವ ಪಟ್ಟಿಯನ್ನು ಬಿಡಿಸಿ ನೋಡಿ. ಒಳಗಿನ ಸುತ್ತು ಕಡುಹಸಿರು, ಹೊರಗಿನದು ಬೂದು. ಬೂದುಭಾಗವನ್ನು ಮಡಿಚಿ ಉಜ್ಜಿದರೆ ಬೆರಳಿಗೆ ಪುಡಿ ಹತ್ತುತ್ತದೆ. ಅದನ್ನು ಇನ್ನೊಬ್ಬರಿಗೂ ಸಿಗದಂತೆ ಕತ್ತರಿಸಿ ಎಸೆಯಿರಿ. ಎರಡು ವರ್ಷಕ್ಕೊಮ್ಮೆ ಪಟ್ಟಿ ಬದಲಿಸಿ ಎಂದು ಅನೇಕ ತಯಾರಕರು ಹೇಳುವುದು ಸುಮ್ಮನೆ ಅಲ್ಲ.

ಉಳಿದದ್ದು ಸುಲಭ. ಮೊದಲು ಲೇಬಲ್ ಹುಡುಕಿ. ಮಾಡೆಲ್ ಸಂಖ್ಯೆ ಸಿಕ್ಕರೆ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಹಿಂಪಡೆದ ವಸ್ತುಗಳ ಪಟ್ಟಿಯಲ್ಲಿ ಅದು ಇದೆಯೇ ನೋಡಿ. ಲೇಬಲ್ಲೇ ಇಲ್ಲದಿದ್ದರೆ ಮಿತಿಯೂ ತಿಳಿಯದು; ಗುಜರಿಗೆ ಹಾಕಿ. ತಂತಿ ಬ್ರಷ್‌ನಿಂದ ತುಕ್ಕನ್ನು ಲೋಹ ಕಾಣುವವರೆಗೆ ಉಜ್ಜಿ, ಟಾರ್ಚನ್ನು ಓರೆಯಾಗಿ ಹಿಡಿದು ಪ್ರತಿ ಬೆಸುಗೆಯನ್ನೂ ನೋಡಿ. ಬಿರುಕು ಕಂಡರೆ ಕಥೆ ಮುಗಿಯಿತು. ಮನೆಯಲ್ಲೇ ಬೆಸೆಯುತ್ತೇನೆ ಎನ್ನಬೇಡಿ, ಅದರಲ್ಲೂ ಅಲ್ಯೂಮಿನಿಯಂ ಆದರೆ: ಕಾವು ತಗುಲಿದ ಆಸುಪಾಸಿನ ಲೋಹವೇ ಮೆತ್ತಗಾಗುತ್ತದೆ. ಪ್ಲಾಸ್ಟಿಕ್ ಹೊದಿಕೆಯ ಉಕ್ಕಿನ ಕೇಬಲ್ ಒಳಗೇ ತುಕ್ಕು ಹಿಡಿದಿರಬಹುದು. ಅದೇ ತಯಾರಕರಿಂದ ಹೊಸದನ್ನು ತರಿಸಿ. ನೈಲಾನ್ ಬಳೆಯ ಲಾಕ್‌ನಟ್‌ಗಳನ್ನು ಮತ್ತೆ ಬಳಸಬೇಡಿ. ಸ್ಟ್ಯಾಂಡ್ ಜೊತೆಗೆ ಬಂದ ಹಳೆಯ ಹಾರ್ನೆಸ್ ಅಂತೂ ಬೇಡವೇ ಬೇಡ. ಇಡೀ ಮೈಗೆ ತೊಡುವ ಹೊಸದನ್ನು ಕೊಳ್ಳಿ. ಇಷ್ಟಾದ ಮೇಲೆ ಪ್ರೈಮರ್, ಆಮೇಲೆ ಬಣ್ಣ. ಇದನ್ನೆಲ್ಲ ಬಿಟ್ಟು ಬಣ್ಣ ಬಳಿಯುವುದು ಗೆದ್ದಲು ತಿಂದ ಬಾಗಿಲಿಗೆ ವಾರ್ನಿಷ್ ಹಚ್ಚಿದಂತೆ.

ಯಾವ ಬಣ್ಣ? ಇದನ್ನು ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಹೊಳಪಿಲ್ಲದ ಕಂದೋ ಬೂದೋ ಸಾಕು. ಎಲೆಚಿತ್ತಾರಕ್ಕೆ ಹೆಚ್ಚು ದುಡ್ಡು ಸುರಿಯಬೇಕಿಲ್ಲ, ಆದರೆ ಹೊಳಪು ಇರಬಾರದು. ಜಿಂಕೆಯ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು ಎರಡೇ ಬಗೆ, ನಮ್ಮಲ್ಲಿ ಮೂರು. ಕೆಂಪು, ಕಿತ್ತಳೆ ಅದಕ್ಕೆ ಹಸಿರಿನಿಂದ ಬೇರೆಯಾಗಿ ಕಾಣುವುದಿಲ್ಲ. ನವೆಂಬರ್ 15ಕ್ಕೆ ಶುರುವಾಗುವ ಬಂದೂಕಿನ ಬೇಟೆಯಲ್ಲಿ ಕಡ್ಡಾಯವಾಗಿ ತೊಡಬೇಕಾದ ಕಿತ್ತಳೆ ಬಟ್ಟೆ ಬೇಟೆಗೆ ಅಡ್ಡಿಯಾಗದಿರುವುದು ಇದರಿಂದಲೇ. ನೀಲಿ ಮಾತ್ರ ಅದಕ್ಕೆ ನಿಚ್ಚಳವಾಗಿ ಕಾಣುತ್ತದೆ. ಇನ್ನು ಮೂಗು, ಅದರ ಚುರುಕು ಹೇಳತೀರದು. ಬಣ್ಣವನ್ನು ಈಗಲೇ ಬಳಿದು ವಾಸನೆ ಹೋಗುವವರೆಗೆ ಹೊರಗೆ ಗಾಳಿಗಿಡಿ. ಗುಂಡು ತೆಗೆದ ಬಂದೂಕನ್ನು ಮೇಲಕ್ಕೆ ಸೇದಿಕೊಳ್ಳಲು ಒಂದು ಹಗ್ಗವೂ ಬೇಕಾಗುತ್ತದೆ. ಅಂಗಡಿಯಲ್ಲಿ ಎದುರಿಗೇ ನೇತುಹಾಕಿರುವ ಮಿರುಗುವ ನೀಲಿ ಹಗ್ಗವನ್ನು ಬಿಟ್ಟು ಕಂದು ಬಣ್ಣದ್ದನ್ನು ತನ್ನಿ.