ಪಿಟ್ಯುಟರಿ ಗಡ್ಡೆಗೆ ಮಾತ್ರೆ ಸಾಕೇ, ಆಪರೇಷನ್ ಬೇಕೇ?

ಪ್ರಶ್ನೆ: ನನ್ನ ಹೆಂಡತಿಗೆ 29 ವರ್ಷ. ಎಂಟು ತಿಂಗಳಿಂದ ಮುಟ್ಟಾಗಿಲ್ಲ, ಎದೆ ಒತ್ತಿದರೆ ಹಾಲು ಜಿನುಗುತ್ತದೆ. ಶಿವಮೊಗ್ಗದಲ್ಲಿ ಪರೀಕ್ಷೆ ಮಾಡಿಸಿದಾಗ ಪ್ರೊಲ್ಯಾಕ್ಟಿನ್ 168 ಬಂತು, ಎಂಆರ್‌ಐನಲ್ಲಿ 7 ಮಿ.ಮೀ. ಪಿಟ್ಯುಟರಿ ಗಡ್ಡೆ ಕಾಣಿಸಿತು. ಡಾಕ್ಟರು ವಾರಕ್ಕೆ ಎರಡು ಸಲ ನುಂಗುವ ಮಾತ್ರೆ ಬರೆದುಕೊಟ್ಟು ಕಳಿಸಿದ್ದಾರೆ. ತಲೆಯೊಳಗಿನ ಗಡ್ಡೆಗೆ ಮಾತ್ರೆ ಸಾಕೇ? ಬೆಂಗಳೂರಿಗೆ ಹೋಗಿ ಆಪರೇಷನ್ ಮಾಡಿಸಬೇಕೇ? (ತೀರ್ಥಹಳ್ಳಿ ತಾಲ್ಲೂಕಿನ ಓದುಗರು)

ಉತ್ತರ: ಇದು ನಿಜವಾಗಿಯೂ ಪ್ರೊಲ್ಯಾಕ್ಟಿನ್ (ಎದೆಹಾಲು ಬರಿಸುವ ಹಾರ್ಮೋನು) ಸುರಿಸುವ ಗಡ್ಡೆಯಾಗಿದ್ದರೆ ಮಾತ್ರೆ ಸಾಕು. ಶಿವಮೊಗ್ಗದಲ್ಲಿ ಆಪರೇಷನ್ ಸೌಲಭ್ಯ ಕಡಿಮೆ ಎಂದು ಮಾತ್ರೆ ಕೊಟ್ಟದ್ದಲ್ಲ, ಈ ಬಗೆಯ ಗಡ್ಡೆಗೆ ಎಲ್ಲೇ ಹೋದರೂ ಮೊದಲ ಚಿಕಿತ್ಸೆ ಕ್ಯಾಬರ್ಗೋಲಿನ್ ಮಾತ್ರೆಯೇ. ಅದು ಪ್ರೊಲ್ಯಾಕ್ಟಿನ್ ಉತ್ಪತ್ತಿಯನ್ನು ತಡೆಯುವುದಲ್ಲದೆ ಗಡ್ಡೆಯನ್ನೂ ಕುಗ್ಗಿಸುತ್ತದೆ. ಹೆಚ್ಚಿನವರಿಗೆ ಕೆಲವೇ ತಿಂಗಳಲ್ಲಿ ಮುಟ್ಟು ಮರಳುತ್ತದೆ.

ಪಿಟ್ಯುಟರಿ ಕಡಲೆಕಾಳಿನಷ್ಟು ದೊಡ್ಡ ಗ್ರಂಥಿ. ಮೂಗಿನ ಹಿಂದೆ, ಮೆದುಳಿನ ಕೆಳಗೆ, ಮೂಳೆಯ ಗುಳಿಯೊಂದರಲ್ಲಿ ಕೂತಿರುತ್ತದೆ. ಅಲ್ಲಿನ ಗಡ್ಡೆ ಕ್ಯಾನ್ಸರ್ ಆಗಿರುವುದು ತೀರಾ ಅಪರೂಪ. 10 ಮಿ.ಮೀ.ಗಿಂತ ಕಡಿಮೆಯಿದ್ದರೆ ಸಣ್ಣದು, ಅದಕ್ಕೂ ಮೇಲಿದ್ದರೆ ದೊಡ್ಡದು. ಗ್ರಂಥಿಯ ನೇರ ಮೇಲೆ ಎರಡೂ ಕಣ್ಣಿನ ನರಗಳು ಕೂಡುವ ಜಾಗವಿರುವುದರಿಂದ ದೊಡ್ಡ ಗಡ್ಡೆ ಅದನ್ನು ಒತ್ತಿ ಎರಡೂ ಬದಿಯ ನೋಟವನ್ನು ಕಸಿಯಬಲ್ಲದು. 7 ಮಿ.ಮೀ. ಗಡ್ಡೆಗೆ ಆ ಭಯವಿಲ್ಲ.

ಆದರೆ 168 ಎಂಬ ಸಂಖ್ಯೆಯೊಂದನ್ನೇ ನಂಬಬೇಡಿ. ಹೆಂಗಸರಲ್ಲಿ ಪ್ರೊಲ್ಯಾಕ್ಟಿನ್ ಸಾಮಾನ್ಯವಾಗಿ 25ರ ಒಳಗಿರುತ್ತದೆ. ಅದು ಏರಿದೆ ಎಂದರೆ ಮೊದಲು ಗರ್ಭಿಣಿಯಲ್ಲ ಎಂಬುದು ಖಚಿತವಾಗಬೇಕು. ಆಮೇಲೆ ಮನೆಯಲ್ಲಿರುವ ಮಾತ್ರೆ ಪಟ್ಟಿಗಳನ್ನೆಲ್ಲ ಡಾಕ್ಟರ ಮೇಜಿನ ಮೇಲೆ ಇಡಿ. ಗ್ಯಾಸ್ಟ್ರಿಕ್‌ಗೆಂದು ಎಲ್ಲರೂ ನುಂಗುವ ಎಷ್ಟೋ ಮಾತ್ರೆಗಳಲ್ಲಿ ಲೆವೊಸಲ್ಪಿರೈಡ್ ಅಥವಾ ಡೊಂಪೆರಿಡೋನ್ ಸೇರಿರುತ್ತದೆ, ಎರಡೂ ಪ್ರೊಲ್ಯಾಕ್ಟಿನ್ ಏರಿಸುತ್ತವೆ. 168ರವರೆಗೂ ಏರಿಸಬಲ್ಲವು. ಎಂಆರ್‌ಐನಲ್ಲಿ ಕಂಡದ್ದು ಆಕಸ್ಮಿಕವೂ ಇರಬಹುದು, ಆರೋಗ್ಯವಂತರಲ್ಲೂ ಸುಮಾರು ಹತ್ತರಲ್ಲಿ ಒಬ್ಬರಿಗೆ ಅಲ್ಲೊಂದು ಸಣ್ಣ ಚುಕ್ಕೆ ಇರುತ್ತದೆ. ಡಾಕ್ಟರನ್ನು ಕೇಳಿ ಅಂಥ ಮಾತ್ರೆಯನ್ನು ಕನಿಷ್ಠ ಮೂರು ದಿನ ನಿಲ್ಲಿಸಿ ಮತ್ತೆ ರಕ್ತ ಕೊಡಿ. ಮಾನಸಿಕ ಕಾಯಿಲೆಯ ಮಾತ್ರೆಗಳೂ ಇದೇ ತೊಂದರೆ ಕೊಡುತ್ತವೆ, ಅವನ್ನು ಮಾತ್ರ ಮನೋವೈದ್ಯರ ಒಪ್ಪಿಗೆಯಿಲ್ಲದೆ ಒಂದು ದಿನವೂ ಬಿಡಬಾರದು.

ಟಿಎಸ್‌ಎಚ್ ಪರೀಕ್ಷೆಯೂ ಆಗಿರಲೇಬೇಕು. ಥೈರಾಯ್ಡ್ ತೀರಾ ಕುಂದಿದಾಗ ಪಿಟ್ಯುಟರಿ ತಾನೇ ಊದಿಕೊಂಡು ಎಂಆರ್‌ಐನಲ್ಲಿ ಗಡ್ಡೆಯಂತೆಯೇ ಕಾಣುತ್ತದೆ. ಥೈರಾಕ್ಸಿನ್ ಕೊಟ್ಟರೆ ಕೆಲವು ತಿಂಗಳಲ್ಲಿ ಇಳಿದುಹೋಗುತ್ತದೆ. ಇದನ್ನು ನೋಡದೆ ಆಪರೇಷನ್‌ಗೆ ಹೊರಡುವುದು ದೊಡ್ಡ ಅನ್ಯಾಯ.

ಗಾತ್ರಕ್ಕೂ ಸಂಖ್ಯೆಗೂ ತಾಳೆಯಾಗಬೇಕು. ಗಡ್ಡೆ 3 ಸೆಂ.ಮೀ. ಇದ್ದು ಪ್ರೊಲ್ಯಾಕ್ಟಿನ್ ಬರೀ 60 ಇದ್ದರೆ, ಅದು ಬೇರೆ ಗಡ್ಡೆ ಗ್ರಂಥಿಯ ಕಾಂಡವನ್ನು ಒತ್ತಿದ್ದರಿಂದ ಆದ ಏರಿಕೆ. ಮಾತ್ರೆಗೆ ಸಂಖ್ಯೆ ಇಳಿಯುತ್ತದೆ, ಗಡ್ಡೆ ಬೆಳೆಯುತ್ತಲೇ ಇರುತ್ತದೆ. ಕೆಲವೊಮ್ಮೆ ಇದಕ್ಕೆ ತದ್ವಿರುದ್ಧ: ಪ್ರೊಲ್ಯಾಕ್ಟಿನ್ ವಿಪರೀತ ಇರುವುದರಿಂದಲೇ ಯಂತ್ರ ಕಡಿಮೆ ತೋರಿಸುತ್ತದೆ. ಹಾಗಾಗಿ ದೊಡ್ಡ ಗಡ್ಡೆಯಿದ್ದವರು ರಕ್ತದ ಮಾದರಿಯನ್ನು ನೂರು ಪಟ್ಟು ತೆಳುಮಾಡಿ ಮತ್ತೆ ನೋಡುವಂತೆ ಲ್ಯಾಬಿಗೆ ಹೇಳಿಸಬೇಕು.

ಇನ್ನು ಮಾತ್ರೆಯ ವಿಷಯ. ಸಾಮಾನ್ಯವಾಗಿ 0.5 ಮಿ.ಗ್ರಾಂ ಮಾತ್ರೆಯ ಅರ್ಧದಿಂದ ಶುರು, ವಾರಕ್ಕೆ ಎರಡು ಸಲ. ಸೋಮವಾರ, ಗುರುವಾರ ಎಂದು ಗೊತ್ತುಮಾಡಿಕೊಂಡರೆ ಮರೆಯುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ವಾಕರಿಕೆ ಬರುತ್ತದೆ, ರಾತ್ರಿ ಊಟವಾದ ಮೇಲೆ ನುಂಗಿ ಮಲಗುವುದೇ ಸರಿ. ಎದ್ದಾಗ ಬಿಪಿ ಇಳಿದು ತಲೆ ಸುತ್ತಬಹುದು, ಹಾಸಿಗೆಯಿಂದ ನಿಧಾನವಾಗಿ ಏಳಬೇಕು. ಗಂಡಸರಿಗೂ ಈ ಗಡ್ಡೆ ಬರುತ್ತದೆ, ಅಂಥವರು ಮೊದಲ ಕೆಲವು ವಾರ ಅಡಿಕೆ ಮರ ಹತ್ತದಿರುವುದು ಒಳ್ಳೆಯದು, ಔಷಧಿ ಹೊಡೆಯುವ ಕಾಲವಾದರೂ ಸರಿ. ಕೆಲವರಲ್ಲಿ ಈ ಮಾತ್ರೆ ಮನಸ್ಸಿನ ಹತೋಟಿಯನ್ನು ಸಡಿಲಿಸುತ್ತದೆ. ಇದ್ದಕ್ಕಿದ್ದಂತೆ ಆನ್‌ಲೈನ್ ರಮ್ಮಿ, ಅತಿಯಾದ ಖರೀದಿ ಶುರುವಾದರೆ ಬೈಯಬೇಡಿ, ಡಾಕ್ಟರಿಗೆ ತಿಳಿಸಿ. ಹಾಲು ನಿಂತಿತೇ ಎಂದು ಪದೇ ಪದೇ ಎದೆ ಒತ್ತಿ ನೋಡಬಾರದು, ಒತ್ತಿದಷ್ಟೂ ಹಾಲು ನಿಲ್ಲುವುದು ತಡವಾಗುತ್ತದೆ.

ಒಂದರಿಂದ ಮೂರು ತಿಂಗಳಲ್ಲಿ ಪ್ರೊಲ್ಯಾಕ್ಟಿನ್ ಮತ್ತೆ ನೋಡುತ್ತಾರೆ, ಎಂಆರ್‌ಐ ಸುಮಾರು ಒಂದು ವರ್ಷಕ್ಕೆ. ಎರಡು ವರ್ಷವಾದರೂ ನುಂಗಿ, ಸಂಖ್ಯೆ ಸರಿಯಿದ್ದು ಗಡ್ಡೆ ಕಾಣದಿದ್ದರೆ ಮಾತ್ರ ನಿಧಾನವಾಗಿ ನಿಲ್ಲಿಸಿ ನೋಡಬಹುದು. ಮುಟ್ಟು ಬಂತೆಂದು ಆರನೇ ತಿಂಗಳಿಗೇ ಬಿಡುವವರಲ್ಲಿ ಕಾಯಿಲೆ ಮರುಕಳಿಸುತ್ತದೆ. ಮೊದಲ ಮುಟ್ಟಿಗೆ ಮುಂಚೆಯೇ ಗರ್ಭ ನಿಲ್ಲಬಹುದು ಎಂಬುದೂ ನೆನಪಿರಲಿ. ಸಣ್ಣ ಗಡ್ಡೆಯಿದ್ದರೆ ಗರ್ಭ ನಿಂತದ್ದು ತಿಳಿದೊಡನೆ ಮಾತ್ರೆ ನಿಲ್ಲಿಸುವುದು ರೂಢಿ, ಡಾಕ್ಟರಿಗೆ ಫೋನಾದರೂ ಮಾಡಿ.

ಆಪರೇಷನ್ ಬೇಕಾಗುವುದು ಹೆಚ್ಚಾಗಿ ಬೇರೆ ಬಗೆಗಳಿಗೆ. ಉಂಗುರ ಬಿಗಿಯಾಗುತ್ತಾ, ಚಪ್ಪಲಿ ಅಳತೆ ಏರುತ್ತಾ, ದವಡೆ ಮುಂದೆ ಬರುತ್ತಿದ್ದರೆ ಬೆಳವಣಿಗೆಯ ಹಾರ್ಮೋನಿನ ಗಡ್ಡೆಯಿರಬಹುದು, ಐಜಿಎಫ್-1 ಪರೀಕ್ಷೆ ಬೇಕು. ಮುಖ ದುಂಡಗಾಗಿ, ಹೊಟ್ಟೆಯ ಮೇಲೆ ನೇರಳೆ ಗೀರು ಮೂಡಿದರೆ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಏರಿಸುವ ಗಡ್ಡೆಯಿದೆಯೇ ನೋಡಬೇಕು: ರಾತ್ರಿ 11ಕ್ಕೆ 1 ಮಿ.ಗ್ರಾಂ ಡೆಕ್ಸಾಮೆಥಾಸೋನ್ ನುಂಗಿ, ಬೆಳಿಗ್ಗೆ 8ಕ್ಕೆ ರಕ್ತ ಕೊಟ್ಟಾಗ ಕಾರ್ಟಿಸಾಲ್ 1.8ಕ್ಕಿಂತ ಕೆಳಗಿಳಿಯಬೇಕು. ಯಾವ ಹಾರ್ಮೋನನ್ನೂ ಸುರಿಸದ ದೊಡ್ಡ ಗಡ್ಡೆ ಕಣ್ಣಿನ ನರ ಒತ್ತುತ್ತಿದ್ದರೂ ಆಪರೇಷನ್ನೇ. ಪೆರಿಮೆಟ್ರಿ ಎಂಬ ಕಣ್ಣಿನ ಪರೀಕ್ಷೆ ಅದನ್ನು ತೋರಿಸುತ್ತದೆ.

ತಲೆಬುರುಡೆ ತೆರೆಯುವುದು ಈಗ ಅಪರೂಪ, ಹೆಚ್ಚಾಗಿ ಎಂಡೋಸ್ಕೋಪ್ ಹಾಕಿ ಮೂಗಿನ ದಾರಿಯಲ್ಲೇ ತೆಗೆಯುತ್ತಾರೆ. ಈ ಆಪರೇಷನ್ನನ್ನು ಮೇಲಿಂದ ಮೇಲೆ ಮಾಡುವ ಕೈಯೇ ಬೇಕು. ಬೆಂಗಳೂರಿನ ನಿಮ್ಹಾನ್ಸ್ ಇದೆ, ತೀರ್ಥಹಳ್ಳಿಯವರಿಗೆ ಆಗುಂಬೆ ಘಾಟಿ ಇಳಿದರೆ ಮಣಿಪಾಲ ಹತ್ತಿರ. ಆಯುಷ್ಮಾನ್ ಸೌಲಭ್ಯ ಬಳಸುವುದಿದ್ದರೆ ಮೆಗ್ಗಾನ್‌ನಂಥ ಸರ್ಕಾರಿ ಆಸ್ಪತ್ರೆಯಲ್ಲಿ ರೆಫರಲ್ ಪತ್ರದ ಬಗ್ಗೆ ಮೊದಲೇ ವಿಚಾರಿಸಿ. ಮನೆಗೆ ಬಂದ ಮೇಲೆ ಬಗ್ಗಿದಾಗ ಮೂಗಿನಿಂದ ಉಪ್ಪುಪ್ಪಾದ ತಿಳಿನೀರು ತೊಟ್ಟಿಕ್ಕಿದರೆ ಅದನ್ನು ನೆಗಡಿ ಎನ್ನಬೇಡಿ, ಮೆದುಳಿನ ದ್ರವ ಸೋರುತ್ತಿರಬಹುದು. ಮೊದಲ ವಾರ, ಹತ್ತು ದಿನದಲ್ಲಿ ಸೋಡಿಯಂ ಕುಸಿದು ಮಂಪರು, ವಾಂತಿ ಬರಬಹುದು. ಅದಕ್ಕೇ ಮನೆಗೆ ಕಳಿಸಿದ ಮೇಲೂ ರಕ್ತಪರೀಕ್ಷೆಗೆ ಕರೆಯುತ್ತಾರೆ.

ಗ್ರಂಥಿ ಕುಂದಿ ಹೈಡ್ರೋಕಾರ್ಟಿಸೋನ್ ಮಾತ್ರೆ ಹಿಡಿದವರು ಮಳೆಗಾಲಕ್ಕೆ ಮುಂಚೆ ಎರಡು ತಿಂಗಳ ದಾಸ್ತಾನು ಇಟ್ಟುಕೊಳ್ಳಿ, ಮರ ಬಿದ್ದು ದಾರಿ ಮುಚ್ಚಿದ ದಿನವೂ ಅದು ತಪ್ಪಬಾರದು. ಜ್ವರ ಬಂದರೆ ಡೋಸ್ ಇಮ್ಮಡಿ, ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಹೈಡ್ರೋಕಾರ್ಟಿಸೋನಿನದೇ 100 ಮಿ.ಗ್ರಾಂ ಇಂಜೆಕ್ಷನ್ ತಕ್ಷಣ ಬೇಕು. ಗಡ್ಡೆಯಿರುವ ಯಾರಿಗೇ ಆದರೂ ಸಿಡಿಲು ಬಡಿದಂಥ ತಲೆನೋವು, ವಾಂತಿ, ರೆಪ್ಪೆ ಜೋತುಬೀಳುವುದು ಅಥವಾ ನೋಟ ಮಂಜಾಗುವುದು ಒಟ್ಟಿಗೇ ಶುರುವಾದರೆ ಗಡ್ಡೆಯೊಳಗೆ ರಕ್ತಸ್ರಾವವಾಗಿರಬಹುದು. ಬೆಳಗಿನ ಬಸ್ಸಿಗೆ ಕಾಯದೆ 108ಕ್ಕೆ ಕರೆ ಮಾಡಿ, ಹಳೆಯ ಎಂಆರ್‌ಐ ವರದಿ ಹಿಡಿದುಕೊಂಡು ಹೊರಡಿ, ಡ್ಯೂಟಿ ಡಾಕ್ಟರಿಗೆ ಮೊದಲ ಮಾತಿನಲ್ಲೇ ಪಿಟ್ಯುಟರಿ ಗಡ್ಡೆ ಇದೆ ಎಂದು ಹೇಳಿ.